ಶಾಲಾಗಮನ ಮೀಮಾಂಸೆ

ಪ್ರಪಂಚದಲ್ಲಿ ಶಾಸ್ತ್ರವಿಲ್ಲದ ವಸ್ತುವಿಲ್ಲ. ಆನೆಗೆ ಗಜಶಾಸ್ತ್ರವಿದೆ, ಅಡುಗೆಗೆ ಸೂಪಶಾಸ್ತ್ರವಿದೆ. ಹಲ್ಲಿ ಮೈಮೇಲೆ ಎಲ್ಲಿ ಬಿದ್ದರೆ ಏನು ಫಲ ಎಂಬುದು ಪಂಚಾಂಗದ ಕೊನೆಯ ಪುಟಗಳಲ್ಲಿ ಅಚ್ಚಾಗಿದೆ. ವಾದ್ಯಗಳನ್ನಂತೂ ಭರತಮುನಿ ಎಂದೋ ತತ, ಸುಷಿರ, ಅವನದ್ಧ, ಘನ ಎಂದು ನಾಲ್ಕು ಗೂಡುಗಳಿಗೆ ತುಂಬಿ ಬಾಗಿಲು ಹಾಕಿಬಿಟ್ಟ. ತಂತಿಯದು ತತ, ಊದುವುದು ಸುಷಿರ, ಚರ್ಮ ಬಿಗಿದದ್ದು ಅವನದ್ಧ, ತಾಳ ಜಾಗಟೆಗಳೆಲ್ಲ ಘನ. ಕಲ್ಕತ್ತೆಯ ಶೌರೀಂದ್ರ ಮೋಹನ ಟಾಗೋರರು 1876ರಲ್ಲಿ ಬೆಲ್ಜಿಯಂ ದೊರೆಗೆ ಭಾರತದ ವಾದ್ಯಗಳ ದೊಡ್ಡ ಕಂತೆಯನ್ನೇ ಕಾಣಿಕೆ ಕಳಿಸಿದರು. ಬ್ರಸೆಲ್ಸ್‌ನ ವಾದ್ಯ ಸಂಗ್ರಹಾಲಯದ ಮಾಹಿಯೋನ್ ಅವನ್ನು ಜೋಡಿಸಿಡಲು ಹೊರಟು ನಮ್ಮ ನಾಲ್ಕು ಗೂಡುಗಳನ್ನೇ ಎರವಲು ಪಡೆದ. 1914ರಲ್ಲಿ ಹಾರ್ನ್‌ಬೋಸ್ಟೆಲ್ ಮತ್ತು ಸಾಕ್ಸ್ ಎಂಬ ಇಬ್ಬರು ಅದೇ ಗೂಡುಗಳೊಳಗೆ ನೂರಾರು ಉಪಗೂಡು ಮಾಡಿ ಒಂದೊಂದಕ್ಕೂ ನಂಬರು ಕೊಟ್ಟರು. ನಮ್ಮಲ್ಲಿ ಜೀ.ಶಂ. ಪರಮಶಿವಯ್ಯನವರು ನೀಲಗಾರರು ಯಾರು, ದೇವರಗುಡ್ಡರು ಯಾರು, ಗೊರವರು ಯಾರು, ಜೋಗಿಗಳು ಯಾರು ಎಂದು ವೃತ್ತಿಗಾಯಕರನ್ನು ಬಿಡಿಸಿ ತೋರಿಸಿದರು.

ವಾದ್ಯದ ವಿಂಗಡಣೆ ಆಯಿತು, ವಾದ್ಯಗಾರರ ವಿಂಗಡಣೆಯೂ ಆಯಿತು. ಆ ವಾದ್ಯಗಾರರು ಒಂದು ದಿನ ಶಾಲೆಯ ಗೇಟು ದಾಟಿ ಒಳಗೆ ಬಂದರೆ ಏನೇನಾಗುತ್ತದೆ ಎಂಬುದನ್ನು ಮಾತ್ರ ಯಾವ ಪಂಡಿತರೂ ವಿಂಗಡಿಸಿಲ್ಲ. ವಿದ್ವತ್ ಪ್ರಪಂಚದ ಈ ದೊಡ್ಡ ಕೊರತೆಯನ್ನು ನೀಗಿಸಲು ಪ್ರಸ್ತುತ ಗ್ರಂಥವು ಹೊರಟಿದೆ. ಸಾಮಾನ್ಯರು ಬಿಡಿ, ಹೆಡ್‌ಮಾಸ್ಟರರಿಗೂ ಅರ್ಥವಾಗುವಂತೆ ಬರೆಯಲಾಗಿದೆ.

ಲಕ್ಷಣ ಪ್ರಕರಣ

ಆದಿವಾಸಿ ಸಮುದಾಯದ ಹಾಡುಗಾರರೋ ವಾದ್ಯಗಾರರೋ ಶಾಲೆಗೆ ಬಂದು ಮಕ್ಕಳಿಗೆ ಏನನ್ನಾದರೂ ಕಲಿಸಿ ಹೋಗುವುದೇ ಶಾಲಾಗಮನ. ಇದು ಲಕ್ಷಣ. ಯಾವುದೇ ಲಕ್ಷಣಕ್ಕೆ ಅತಿವ್ಯಾಪ್ತಿ, ಅವ್ಯಾಪ್ತಿ, ಅಸಂಭವ ಎಂಬ ಮೂರು ದೋಷಗಳು ತಟ್ಟಬಹುದೆಂದು ತಾರ್ಕಿಕರು ಹೇಳುತ್ತಾರೆ. ಸಂತೋಷದ ವಿಷಯವೆಂದರೆ ನಮ್ಮ ಲಕ್ಷಣಕ್ಕೆ ಮೂರೂ ತಟ್ಟಿವೆ.

ಅತಿವ್ಯಾಪ್ತಿ ಹೇಗೆಂದರೆ, ವಾರ್ಷಿಕೋತ್ಸವದ ದಿನ ಮುಖ್ಯ ಅತಿಥಿಗಳ ಕಾರಿನ ಮುಂದೆ ಡೋಲು ಬಡಿದು, ಹಿಂದಿನ ಬಾಗಿಲಿನಿಂದ ಊಟದ ಪೊಟ್ಟಣ ತೆಗೆದುಕೊಂಡು ಹೋದವರೂ ಶಾಲೆಯ ವರದಿಯಲ್ಲಿ ‘ಜನಪದ ಕಲಾವಿದರೊಂದಿಗೆ ಸಂವಾದ’ ಎಂದೇ ದಾಖಲಾಗುತ್ತಾರೆ. ಅಸಂಭವ ಹೇಗೆಂದರೆ, ಕಲಾವಿದರಿಗೆ ಐದು ನಿಮಿಷ ಕೊಡುವ ಕಡೆ ‘ಕಲಿಸಿ ಹೋಗುವುದು’ ಎಂಬ ಮಾತೇ ಸಂಭವಿಸದು.

ಅವ್ಯಾಪ್ತಿಯ ಕತೆ ಸ್ವಲ್ಪ ಉದ್ದ. ಆದಿವಾಸಿ ಎಂದರೆ ಯಾರು? ಅಂಕೋಲೆಯ ಬಡಗೇರಿಯ ಸುಕ್ರಿ ಬೊಮ್ಮಗೌಡರು ಶಾಲೆಗೆ ಹೋದವರಲ್ಲ, ಸಾವಿರಾರು ಹಾಡುಗಳು ಅವರ ಬಾಯಲ್ಲಿದ್ದವು. ವಿಶ್ವವಿದ್ಯಾಲಯದವರು ಟೇಪ್‌ರೆಕಾರ್ಡರ್ ಹಿಡಿದು ಅವರ ಮನೆ ಬಾಗಿಲಿಗೆ ಹೋಗುತ್ತಿದ್ದರು. 2017ರಲ್ಲಿ ಪದ್ಮಶ್ರೀ ಬಂತು, 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ಅವರ ಹಾಲಕ್ಕಿ ಒಕ್ಕಲಿಗ ಸಮುದಾಯವನ್ನು ಪತ್ರಿಕೆಯವರು ಬುಡಕಟ್ಟು ಎನ್ನುತ್ತಾರೆ, ಸಂಶೋಧಕರು ಬುಡಕಟ್ಟು ಎನ್ನುತ್ತಾರೆ, ವೇದಿಕೆಯ ಮೇಲಿನ ರಾಜಕಾರಣಿಗಳಂತೂ ಎರಡೆರಡು ಸಲ ಎನ್ನುತ್ತಾರೆ. ಪರಿಶಿಷ್ಟ ಪಂಗಡಗಳ ಪಟ್ಟಿ ಮಾತ್ರ ಹಾಗೆನ್ನುವುದಿಲ್ಲ. ಸೇರಿಸಿ ಎಂಬ ಬೇಡಿಕೆ ದಶಕಗಳಿಂದ ಫೈಲಿನಿಂದ ಫೈಲಿಗೆ ಓಡಾಡುತ್ತಿದೆ. ಅದೇ ಉತ್ತರ ಕನ್ನಡದ ಸಿದ್ದಿಗಳು 2003ರಲ್ಲಿ ಪಟ್ಟಿ ಸೇರಿದರು. ಅದರ ಹಿಂದಿನ ವರ್ಷದವರೆಗೆ ಅವರು ಕಾಡಿನಲ್ಲಿ ಏನಾಗಿ ಬದುಕುತ್ತಿದ್ದರೋ ಗೆಜೆಟ್ಟಿಗೇ ಗೊತ್ತು. ಈ ಗ್ರಂಥವು ಗೆಜೆಟ್ಟನ್ನು ಪ್ರಮಾಣವೆಂದು ಒಪ್ಪುವುದಿಲ್ಲ. ಹಾಲಕ್ಕಿಯವರು, ಸಿದ್ದಿಗಳು, ಕೊರಗರು, ಸೋಲಿಗರು ಎಲ್ಲರೂ ಇಲ್ಲಿ ಒಂದೇ ಪಂಕ್ತಿಯಲ್ಲಿ ಕೂರುತ್ತಾರೆ.

ಆಹ್ವಾನ ಪ್ರಕರಣ

ಕರೆಸಿಕೊಳ್ಳುವವರು ಮೂರು ಬಗೆ. ಸುತ್ತೋಲೆ ಬಂದದ್ದರಿಂದ ಕರೆಸುವವರು, ಪಕ್ಕದ ಶಾಲೆ ಕರೆಸಿದ್ದರಿಂದ ಕರೆಸುವವರು, ಯಾರೋ ಒಬ್ಬ ಮೇಷ್ಟರಿಗೆ ಅದರ ಹುಚ್ಚು ಇರುವುದರಿಂದ ಕರೆಸುವವರು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರರಿಂದ ಎಂಟನೇ ತರಗತಿಯ ಮಕ್ಕಳಿಗೆ ಬ್ಯಾಗಿಲ್ಲದ ಹತ್ತು ದಿನ ಇಟ್ಟು, ಊರಿನ ಬಡಗಿ, ಕುಂಬಾರ, ಕಲಾವಿದರ ಹತ್ತಿರ ಕಲಿಯಲಿ ಎಂದ ಮೇಲೆ ಮೊದಲ ಬಗೆಯವರು ಹೆಚ್ಚಿದ್ದಾರೆ. ಮೂರನೆಯ ಬಗೆಯವರು ಸುತ್ತೋಲೆಗೆ ಮುಂಚೆಯೂ ಇದ್ದರು, ಅದು ರದ್ದಾದ ಮೇಲೂ ಇರುತ್ತಾರೆ. ಅವರನ್ನು ಸಾಮಾನ್ಯವಾಗಿ ಬೇರೆ ಊರಿಗೆ ವರ್ಗ ಮಾಡಲಾಗುತ್ತದೆ.

ಸ್ವಾಗತ ಭಾಷಣ ಪ್ರಕರಣ

ಇದು ದೀರ್ಘವಾದುದು. ಮುಂದೆ ಹೋಗೋಣ.

ಸ್ಥಾನ ಪ್ರಕರಣ

ಬಂದ ಕಲಾವಿದರನ್ನು ಎಲ್ಲಿ ಕೂರಿಸುತ್ತಾರೆ ಎಂಬುದರ ಮೇಲೆ ಶಾಲಾಗಮನವು ವೇದಿಕಾಸ್ಥ, ಅಂಗಳಸ್ಥ, ಕೊಠಡಿಸ್ಥ ಎಂದು ಮೂರಾಗುತ್ತದೆ. ಗೇಟುಸ್ಥ ಎಂಬ ನಾಲ್ಕನೆಯದೊಂದಿದೆ, ಅದಕ್ಕೆ ಬೇರೆ ಜಾಗ ಕಾದಿರಿಸಲಾಗಿದೆ.

ವೇದಿಕಾಸ್ಥದಲ್ಲಿ ಶಾಮಿಯಾನ, ಮೈಕು, ಹಿಂದೆ ಫ್ಲೆಕ್ಸು, ಮುಂದೆ ಕುಂಕುಮ ಹಚ್ಚಿದ ದೀಪದ ಕಂಬ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ಉದ್ಘಾಟನೆ, ಮುಖ್ಯ ಅತಿಥಿಗಳ ಮಾತು, ಎಸ್‌ಡಿಎಂಸಿ ಅಧ್ಯಕ್ಷರ ಎರಡು ಮಾತು, ಆ ಎರಡು ಮಾತಿನ ಮುಂದುವರಿದ ಭಾಗ. ಇಷ್ಟರಲ್ಲಿ ಬಿಸಿಯೂಟದ ಬೆಲ್ಲು. ಆಗ ನಿರೂಪಕರು ‘ಸಮಯದ ಅಭಾವವಿರುವುದರಿಂದ ಕಲಾವಿದರು ಒಂದೇ ಒಂದು ಹಾಡಿನಲ್ಲಿ ಮುಗಿಸಬೇಕಾಗಿ ವಿನಂತಿ’ ಎನ್ನುತ್ತಾರೆ. ಒಂದು ರಾತ್ರಿಯಿಡೀ ಹಾಡಿದರೂ ಮುಗಿಯದ ಹಾಡಿನವರು ಮೊದಲ ಸೊಲ್ಲು ಹಾಡಿ ಕೆಳಗಿಳಿಯುತ್ತಾರೆ. ಮಕ್ಕಳು ಕಲಿತದ್ದು ಇಷ್ಟು: ಕಲಾವಿದರೆಂದರೆ ಶಾಲು ಹೊದಿಸಿಕೊಳ್ಳುವವರು. ಇದೂ ಒಂದು ಕಲಿಕೆಯೇ, ಮುಂದೆ ಅಧ್ಯಕ್ಷರಾಗುವ ಮಕ್ಕಳಿಗೆ ಬೇಕಾಗುತ್ತದೆ.

ಅಂಗಳಸ್ಥದಲ್ಲಿ ಮಕ್ಕಳು ಸುತ್ತ ನಿಲ್ಲುತ್ತಾರೆ, ಕಲಾವಿದರು ನಡುವೆ. ಹಿಂದಿನವರಿಗೆ ಮುಂದಿನವರ ತಲೆ ಕಾಣುತ್ತದೆ. ಆದರೂ ವೇದಿಕೆಗಿಂತ ವಾಸಿ, ಯಾಕೆಂದರೆ ಹೆಜ್ಜೆ ಹಾಕಲು ಜಾಗವಿದೆ, ಹಾಕಿದರೆ ಬೈಯುವ ಮೇಷ್ಟರು ದೂರದಲ್ಲಿದ್ದಾರೆ.

ಕೊಠಡಿಸ್ಥವೇ ಉತ್ತಮೋತ್ತಮ. ಮೂವತ್ತೋ ನಲವತ್ತೋ ಮಕ್ಕಳು, ನೆಲದ ಮೇಲೆ ಜಮಖಾನ, ಮೈಕಿಲ್ಲ, ಹಾರವಿಲ್ಲ, ಬಾಗಿಲಾಚೆ ಮುಖ್ಯ ಅತಿಥಿಗಳಿಲ್ಲ. ಕಲಾವಿದರ ಉಸಿರು ಮಕ್ಕಳಿಗೆ ಕೇಳುತ್ತದೆ, ಮಕ್ಕಳ ಪಿಸುಮಾತು ಕಲಾವಿದರಿಗೆ ಕೇಳುತ್ತದೆ. ಮುಂದಿನ ಪ್ರಕರಣಗಳ ದೃಷ್ಟಾಂತಗಳು ಹೆಚ್ಚಾಗಿ ಇಂಥ ಕೊಠಡಿಗಳವು.

ವಾದ್ಯ ಪ್ರಕರಣ

ಕಾರವಾರ, ಅಂಕೋಲೆ, ಕುಮಟೆ ಕಡೆಯ ಗುಮಟೆಯನ್ನು ನೋಡದವರಿಗಾಗಿ ನಾಲ್ಕು ಮಾತು. ಅದು ಕುಂಬಾರ ಮಾಡಿದ ಮಣ್ಣಿನ ಗಡಿಗೆ. ಆದರೆ ಎರಡು ಬಾಯಿ. ದೊಡ್ಡ ಬಾಯಿಗೆ ಚರ್ಮ ಬಿಗಿದಿರುತ್ತದೆ, ಕುತ್ತಿಗೆಯ ತುದಿಯ ಚಿಕ್ಕ ಬಾಯಿ ತೆರೆದೇ ಇರುತ್ತದೆ. ಹಗ್ಗ ಕಟ್ಟಿ ಕೊರಳಿಗೆ ಇಳಿಬಿಟ್ಟುಕೊಂಡು ಚರ್ಮವನ್ನು ಬಲಗೈ ಬೆರಳುಗಳಿಂದ ಬಡಿಯುತ್ತಾರೆ. ಎಡಗೈ ಚಿಕ್ಕ ಬಾಯಿಯ ಮೇಲಿರುತ್ತದೆ.

ಅಂಥ ಗುಮಟೆ ಹಿಡಿದು ಹಾಲಕ್ಕಿ ಗೌಡರೊಬ್ಬರು ಆ ಕಡೆಯ ಒಂದು ಶಾಲೆಯ ಏಳನೇ ತರಗತಿಗೆ ಬಂದಿದ್ದರು. ವಿಜ್ಞಾನದ ಮೇಷ್ಟರು ಶ್ರದ್ಧಾವಂತರು. ಕರಿಹಲಗೆಯ ಮೇಲೆ ನಾಲ್ಕು ಕಾಲಮ್ಮು ಗೀಟಿ ತತ, ಸುಷಿರ, ಅವನದ್ಧ, ಘನ ಎಂದು ಬರೆದು, ‘ಚರ್ಮ ಇದೆ, ಆದ್ದರಿಂದ ಅವನದ್ಧ’ ಎಂದು ಮೂರನೆಯ ಕಾಲಮ್ಮಿನಲ್ಲಿ ಗುಮಟೆ ಎಂದು ಬರೆಯಲು ಚಾಕ್‌ಪೀಸು ಎತ್ತಿದರು. ಹಿಂದಿನ ಬೆಂಚಿನಿಂದ ಒಂದು ದನಿ:

‘ಸಾರ್, ಹಿಂದೆ ತೂತು ಉಂಟಲ್ಲ?’

ಮೇಷ್ಟರ ಕೈ ನಿಂತಿತು. ಗೌಡರು ಹುಡುಗನನ್ನು ಹತ್ತಿರ ಕರೆದರು. ‘ಬಾ ತಮಾ, ಇಲ್ಲಿ ಕೈ ಇಡು’ ಎಂದು ಅವನ ಅಂಗೈಯನ್ನು ಚಿಕ್ಕ ಬಾಯಿಗೆ ಒತ್ತಿಸಿ ಒಂದು ಪೆಟ್ಟು ಹಾಕಿದರು. ‘ಈಗ ತೆಗೆ’ ಎಂದು ಇನ್ನೊಂದು. ಮುಚ್ಚಿದಾಗ ಒಂದು ದನಿ, ತೆರೆದಾಗ ಇನ್ನೊಂದು. ಅರ್ಧ ತೆರೆದಾಗ ದನಿ ಜಾರಿ ಬಾಗಿತು. ಒಳಗಿನ ಗಾಳಿ ಅಂಗೈಗೆ ಗುದ್ದಿದ್ದಕ್ಕೆ ಹುಡುಗ ಬೆಚ್ಚಿ ನಕ್ಕ. ‘ಬಡಿಯೂದು ಈ ಕೈ. ಸ್ವರ ಮಾಡೂದು ಆ ಕೈ’ ಎಂದರು ಗೌಡರು. ಮೇಷ್ಟರು ಸ್ವಲ್ಪ ಹೊತ್ತು ಹಲಗೆಯನ್ನೇ ನೋಡಿ, ಸುಷಿರಕ್ಕೂ ಅವನದ್ಧಕ್ಕೂ ನಡುವಿನ ಗೀಟಿನ ಮೇಲೆ ಗುಮಟೆ ಎಂದು ಬರೆದರು. ಭರತಮುನಿಯ ಗೂಡಿಗೆ ತೂತು ಹುಡುಕಿದ ಆ ಹುಡುಗ ಅಂದಿನವರೆಗೆ ವಿಜ್ಞಾನದ ಪೀರಿಯಡ್ಡಿನಲ್ಲಿ ಬಾಯಿ ಬಿಟ್ಟವನಲ್ಲವಂತೆ. ಕಂಪಿಸುವ ಪೊರೆ, ಕಂಪಿಸುವ ಗಾಳಿಯ ಕಂಬ, ಎರಡೂ ಸೇರಿದಾಗ ಆಗುವ ಅನುರಣನ ಎಂದು ಪಠ್ಯಪುಸ್ತಕ ಹೇಳುವುದನ್ನು ಅವನು ಅಂಗೈಯಲ್ಲಿ ಹಿಡಿದಿದ್ದ. ಇನ್ನು ಪರೀಕ್ಷೆಯಲ್ಲಿ ಹೇಗಾದರೂ ಬರೆಯಲಿ.

ಇದರ ಹಿಂದಿನದೊಂದು ಉಪಕತೆ ಹೇಳದಿದ್ದರೆ ಪ್ರಕರಣ ಅಪೂರ್ಣ. ಅಂದು ಬೆಳಿಗ್ಗೆ ಮಳೆ ಹನಿದಿತ್ತು. ತೇವ ಕುಡಿದ ಚರ್ಮ ಸಡಿಲವಾಗಿ ಗುಮಟೆ ಬಡಿದರೆ ಹಲಗೆ ಬಡಿದಂತೆ ಕೇಳುತ್ತಿತ್ತು. ಕಾಯಿಸಬೇಕು. ಶಾಲೆಯಲ್ಲಿ ಬೆಂಕಿ ಎಂದ ಕೂಡಲೇ ಹೆಡ್‌ಮಾಸ್ಟರರಿಗೆ ಬಿಇಒ ಆಫೀಸು ಕಣ್ಣಮುಂದೆ ಬಂತು. ಕೊನೆಗೆ ಬಿಸಿಯೂಟದ ಕೋಣೆಗೆ ಹೋದರು. ಅಲ್ಲಿದ್ದ ಅಡುಗೆಯ ಅಕ್ಕ ಸಾಂಬಾರಿನ ಪಾತ್ರೆ ಇಳಿಸಿ, ಒಲೆ ಸಣ್ಣ ಮಾಡಿ, ಗೌಡರ ಕೈಯಿಂದ ಗುಮಟೆ ತೆಗೆದುಕೊಂಡು ಉರಿಯಿಂದ ಒಂದು ಮೊಳ ದೂರ ಹಿಡಿದು ನಿಧಾನವಾಗಿ ತಿರುಗಿಸಿದಳು. ಬೆರಳ ತುದಿಯಿಂದ ತಟ್ಟಿ ಕೇಳಿದಳು, ಮತ್ತೆ ತಿರುಗಿಸಿದಳು. ‘ಹತ್ರ ಹಿಡದ್ರೆ ಚರ್ಮ ಸೀಳ್ತದೆ’ ಎಂದು ಹೆಡ್‌ಮಾಸ್ಟರರಿಗೆ ವಿವರಿಸಿದಳು. ಅವಳ ಅಪ್ಪ ಸುಗ್ಗಿ ಮೇಳದಲ್ಲಿ ಗುಮಟೆ ಬಡಿಯುತ್ತಿದ್ದವರು, ಅವಳಿಗೂ ಹಾಡು ಬರುತ್ತದೆ ಎಂಬುದು ಅಂದು ಬೆಳಕಿಗೆ ಬಂತು. ಎಷ್ಟೋ ವರ್ಷದಿಂದ ಅದೇ ಶಾಲೆಯಲ್ಲಿ ಅನ್ನ ಬಡಿಸುತ್ತಿದ್ದಳು, ಯಾರೂ ಕೇಳಿರಲಿಲ್ಲ.

ಹಾಗಾಗಿ ಶಾಸ್ತ್ರಕ್ಕೆ ಇನ್ನೊಂದು ಭೇದ ಸೇರಿಸಬೇಕಾಯಿತು. ಹೊರಗಿನಿಂದ ಬರುವವರು ಆಗಂತುಕರು. ದಿನಾ ಶಾಲೆಗೆ ಬರುತ್ತಿದ್ದರೂ ಇನ್ನೂ ‘ಬಂದಿಲ್ಲದ’ವರು ಅಂತರ್ಗತರು. ಅಡುಗೆಯವರಲ್ಲಿ, ಆಯಾಗಳಲ್ಲಿ, ಮಗುವನ್ನು ಬಿಡಲು ಬಂದು ಗೇಟಿನ ಹೊರಗೇ ನಿಲ್ಲುವ ಅಜ್ಜಿಯರಲ್ಲಿ ಇವರು ಹೆಚ್ಚು. ಇವರಿಗೆ ಪ್ರಯಾಣ ಭತ್ಯೆಯ ಖರ್ಚೂ ಇಲ್ಲ.

ಪ್ರಶ್ನೆ ಪ್ರಕರಣ

ಹಾಡು ಮುಗಿದ ಮೇಲೆ ಮಕ್ಕಳಿಗೆ ‘ಏನಾದರೂ ಪ್ರಶ್ನೆ ಇದೆಯೇ’ ಎಂದು ಕೇಳಲಾಗುತ್ತದೆ. ಮೊದಲು ನಿಶ್ಶಬ್ದ. ಅನಂತರ ಕ್ಲಾಸ್ ಲೀಡರು ಎದ್ದು ಮೇಷ್ಟರು ನಿನ್ನೆಯೇ ಬರೆಸಿದ ಪ್ರಶ್ನೆ ಓದುತ್ತಾನೆ. ಅದಕ್ಕೆ ಪಾಠಿತ ಪ್ರಶ್ನೆ ಎಂದು ಹೆಸರು. ಅದರ ಉತ್ತರವನ್ನು ಯಾರೂ ಕೇಳಿಸಿಕೊಳ್ಳುವುದಿಲ್ಲ. ಅದಾದ ಮೇಲೆಯೇ ಸ್ವಯಂಭೂ ಪ್ರಶ್ನೆಗಳು ಏಳುತ್ತವೆ.

ವೇಷ ಪ್ರಶ್ನೆ. ಪ್ರತಿಭಾ ಕಾರಂಜಿಯಲ್ಲಿ ಬುಡಕಟ್ಟು ನೃತ್ಯವೆಂದರೆ ಮುಖಕ್ಕೆ ಮಸಿ, ಸೊಂಟಕ್ಕೆ ಮಾವಿನೆಲೆ, ತಲೆಗೆ ಕೋಳಿಗರಿ, ಬಾಯಲ್ಲಿ ಅರ್ಥವಿಲ್ಲದ ಕೂಗು. ಇದನ್ನು ನೋಡಿಯೇ ಬೆಳೆದ ಮಕ್ಕಳ ಮುಂದೆ ಯಲ್ಲಾಪುರ ಕಡೆಯ ಸಿದ್ದಿ ಹೆಂಗಸೊಬ್ಬರು ಇಸ್ತ್ರಿ ಮಾಡಿದ ಸೀರೆ ಉಟ್ಟು, ಕೈಯಲ್ಲಿ ಮೊಬೈಲು ಹಿಡಿದು, ದಮಾಮಿಯ ಮೇಳದೊಂದಿಗೆ ಬಂದು ನಿಂತರು. ಒಬ್ಬಳು ಪುಟ್ಟ ಹುಡುಗಿಗೆ ತಡೆಯಲಿಲ್ಲ: ‘ಅಕ್ಕಾ, ಎಲೆ ಎಲ್ಲಿ?’ ಮೇಷ್ಟರುಗಳ ಮುಖ ಕೆಂಪಾಯಿತು. ಆಕೆ ನಕ್ಕು, ‘ಬಸ್ಸಲ್ಲಿ ಬಂದೆನಲ್ಲ, ಕಂಡಕ್ಟರು ಎಲೆಗೆ ಬೇರೆ ಟಿಕೇಟು ಕೇಳ್ತಾನೆ’ ಎಂದರು. ಮುಂದಿನ ವರ್ಷ ಆ ಶಾಲೆಯ ಮಕ್ಕಳು ಕಾರಂಜಿಯಲ್ಲಿ ಮಸಿ ಬಳಿದುಕೊಳ್ಳದಿದ್ದರೆ ಅದರ ಪುಣ್ಯ ಆ ಒಂದು ಮಾತಿಗೆ ಸೇರಬೇಕು.

ಮೂಲ ಪ್ರಶ್ನೆ. ‘ನೀವು ಆಫ್ರಿಕಾದವರಾ?’ ಕೇಳಿದವನ ತಲೆಯ ಮೇಲೆ ಮೊಟಕುವ ಮೇಷ್ಟರು ಅಧಮರು. ಗೋಡೆಯ ಮೇಲಿನ ಭೂಪಟ ಬಿಚ್ಚುವವರು ಉತ್ತಮರು. ಅರಬರು, ಪೋರ್ಚುಗೀಸರು ಪೂರ್ವ ಆಫ್ರಿಕಾದಿಂದ ಗುಲಾಮರನ್ನಾಗಿ ಹಡಗಿನಲ್ಲಿ ತಂದವರ ಸಂತತಿ ಈ ಸಿದ್ದಿಗಳು. ತಪ್ಪಿಸಿಕೊಂಡವರೂ ಬಿಡುಗಡೆಯಾದವರೂ ಘಟ್ಟದ ಕಾಡು ಸೇರಿದರು. ಅದೇ ಸಮುದ್ರ ದಾಟಿ ಬಂದ ಮಲಿಕ್ ಅಂಬರ್ ಅಹಮದನಗರದ ಆಡಳಿತವನ್ನೇ ನಡೆಸಿ ಮೊಗಲರ ನಿದ್ದೆ ಕೆಡಿಸಿದ. ವಿಜಾಪುರದ ಆದಿಲಶಾಹಿಯಲ್ಲಿ ಇಖ್ಲಾಸ್ ಖಾನ್ ಮಂತ್ರಿಯಾಗಿದ್ದ. ಇತಿಹಾಸದ ಪುಸ್ತಕದಲ್ಲಿ ಬೇರೆ ಪುಟ, ಭೂಗೋಳದಲ್ಲಿ ಬೇರೆ ಪುಟ, ಎದುರಿಗೆ ದಮಾಮಿ ಬಡಿಯುವ ಅಕ್ಕ. ಮೂರನ್ನೂ ಒಂದೇ ದಾರದಲ್ಲಿ ಪೋಣಿಸಲು ಒಂದು ಪೀರಿಯಡ್ಡು ಸಾಕು, ಆದರೆ ಮೊದಲ ಪ್ರಶ್ನೆಗೆ ಯಾರೂ ಮೊಟಕಬಾರದು.

ಚರ್ಮ ಪ್ರಶ್ನೆ. ‘ಇದು ಯಾವ ಪ್ರಾಣಿಯ ಚರ್ಮ?’ ಇದು ಎಲ್ಲ ಶಾಲೆಗಳಲ್ಲೂ ಬರುತ್ತದೆ. ಕೇಳುವುದು ಹೆಚ್ಚಾಗಿ ಗಂಡುಮಕ್ಕಳು. ಗುಮಟೆಗೆ ಹಿಂದೆ ಉಡದ ಚರ್ಮ ಕಟ್ಟುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿ ಉಡವಿದೆ, ಹಿಡಿದರೆ ಜೈಲು. ಈಗ ಆಡಿನ ಚರ್ಮ. ಹಳಬರು ಉಡದ ಆ ದನಿ ಇದರಲ್ಲಿಲ್ಲ ಎನ್ನುತ್ತಾರೆ, ಹೊಸಬರು ಆಡಿಗೇ ಕೈ ಪಳಗಿಸಿಕೊಂಡಿದ್ದಾರೆ. ಕಾನೂನು, ಪ್ರಾಣಿಶಾಸ್ತ್ರ, ಚರ್ಮದ ದಪ್ಪ, ಅದರಿಂದ ದನಿಯಲ್ಲಾಗುವ ವ್ಯತ್ಯಾಸ ಎಲ್ಲವೂ ಒಂದು ಪ್ರಶ್ನೆಯ ಹಿಂದೆ ಸಾಲುಗಟ್ಟಿ ಬರುತ್ತವೆ. ಇಲ್ಲಿ ಗ್ರಂಥಕರ್ತನ ಒಂದು ಟಿಪ್ಪಣಿ: ಉಡಕ್ಕೆ ಸರ್ಕಾರದ ಒಂದು ಅನುಸೂಚಿಯಲ್ಲಿ ಜಾಗ ಸಿಕ್ಕಿ ಇಷ್ಟು ವರ್ಷವಾಯಿತು. ಅದರ ಚರ್ಮ ಬಡಿಯುತ್ತಿದ್ದ ಹಾಲಕ್ಕಿಯವರು ಇನ್ನೊಂದು ಅನುಸೂಚಿಯ ಬಾಗಿಲಲ್ಲಿ ಇನ್ನೂ ನಿಂತಿದ್ದಾರೆ.

ಸಂಬಳ ಪ್ರಶ್ನೆ, ಟೀವಿ ಪ್ರಶ್ನೆ, ‘ನಿಮ್ಮ ಫೇವರಿಟ್ ಹೀರೋ ಯಾರು’ ಪ್ರಶ್ನೆಗಳಿಗೆ ವ್ಯಾಖ್ಯಾನ ಬೇಡ.

ಶಿಷ್ಯ ಪ್ರಕರಣ

ಕೇಳುಗ ಮಕ್ಕಳಲ್ಲಿ ತಲೆದೂಗುವವರು, ಬೆಂಚು ಬಡಿಯುವವರು, ಕಿಟಕಿ ನೋಡುವವರು ಎಂದು ಮೂರು ಬಗೆ. ಬೆಂಚು ಬಡಿಯುವವರೇ ವಾದ್ಯಗಾರರಿಗೆ ಪ್ರಿಯರು, ಮೇಷ್ಟರಿಗೆ ಅಪ್ರಿಯರು. ಇಷ್ಟು ಎಲ್ಲರಿಗೂ ಗೊತ್ತು.

ನಾಲ್ಕನೆಯ ಬಗೆಯ ಮಗು ಯಾವ ವರದಿಯಲ್ಲೂ ಬರುವುದಿಲ್ಲ. ಅದು ತಲೆ ಬಗ್ಗಿಸಿ ಕೂತಿರುತ್ತದೆ. ಬಂದ ಕಲಾವಿದರು ಅದೇ ಕೇರಿಯವರು, ಕೆಲವು ಸಲ ಸ್ವಂತ ದೊಡ್ಡಪ್ಪನೇ. ಹಾಡು ಅದಕ್ಕೆ ಪೂರ್ತಿ ಗೊತ್ತು, ತಾಳ ಬೆರಳುಗಳಲ್ಲಿದೆ. ಆದರೆ ಬೆರಳುಗಳನ್ನು ಅಂಗೈಯೊಳಗೆ ಮಡಿಚಿಟ್ಟುಕೊಂಡಿರುತ್ತದೆ. ಗೊತ್ತಿದೆ ಎಂದು ತೋರಿಸಿದರೆ ತಾನು ಯಾರೆಂದು ತರಗತಿಗೆ ಗೊತ್ತಾಗುತ್ತದೆ.

ಈ ಮಗುವಿಗಾಗಿ ಶಾಸ್ತ್ರವು ತಮಾಷೆ ಬಿಟ್ಟು ಒಂದು ಕ್ಷಣ ದಕ್ಷಿಣ ಕನ್ನಡ, ಉಡುಪಿಯ ಕಡೆ ಹೋಗಬೇಕು. ಅಲ್ಲಿಯ ಕೊರಗರ ಡೋಲು ಕೇಳಿದವರಿಗೆ ಅದರ ಗತ್ತು ಗೊತ್ತು. ಕರ್ನಾಟಕದಲ್ಲಿ ಸರ್ಕಾರ ಅತ್ಯಂತ ದುರ್ಬಲವೆಂದು ಗುರುತಿಸಿದ ಬುಡಕಟ್ಟುಗಳು ಎರಡು, ಜೇನು ಕುರುಬರು ಮತ್ತು ಕೊರಗರು. ಅಜಲು ಎಂಬ ಪದ್ಧತಿಯ ಹೆಸರಲ್ಲಿ ಕೊರಗರಿಗೆ ಉಗುರು, ಕೂದಲು ಬೆರೆಸಿದ ಅನ್ನ ತಿನ್ನಿಸುತ್ತಿದ್ದರು. ಕಂಬಳಕ್ಕೆ ಮುಂಚೆ ಗದ್ದೆಯಲ್ಲಿ ಕೋಣಗಳಂತೆ ಓಡಿಸುತ್ತಿದ್ದರು. ಉಳ್ಳವರ ಕಾರ್ಯಗಳಲ್ಲಿ ಡೋಲು ಬಡಿಯುವುದು ಅವರ ಇಷ್ಟವಾಗಿರಲಿಲ್ಲ, ಕಟ್ಟಳೆಯಾಗಿತ್ತು. ಇದನ್ನು ನಿಷೇಧಿಸಲು ಕರ್ನಾಟಕ ಸರ್ಕಾರ 2000ದಲ್ಲಿ ಪ್ರತ್ಯೇಕ ಕಾಯಿದೆಯನ್ನೇ ಮಾಡಬೇಕಾಯಿತು. ಅದರ ಮೊದಲೂ ಆಮೇಲೂ ಸಮುದಾಯದೊಳಗೇ ಒಂದು ಜಗಳವಿದೆ. ಅವಮಾನದ ಗುರುತಾದ ಡೋಲನ್ನು ಬಿಟ್ಟುಬಿಡಬೇಕೆ, ಅಥವಾ ನಮ್ಮದೆಂದು ತಲೆಯೆತ್ತಿ ಬಡಿಯಬೇಕೆ? ಎರಡು ಕಡೆಯವರ ಮಾತಿನಲ್ಲೂ ನ್ಯಾಯವಿದೆ. ತೀರ್ಮಾನ ಅವರದು.

ಈಗ ಮೇಲೆ ಬಾಕಿಯಿಟ್ಟ ಗೇಟುಸ್ಥ. ಮುಖ್ಯ ಅತಿಥಿಗಳನ್ನು ಗೇಟಿನಿಂದ ವೇದಿಕೆಯವರೆಗೆ ಕರೆತರಲು ಡೋಲಿನವರನ್ನು ಕರೆಸಿ, ವೇದಿಕೆ ಬಂದ ಕೂಡಲೇ ‘ಸಾಕು ಸಾಕು’ ಎಂದು ಕೈಸನ್ನೆ ಮಾಡಿ ನಿಲ್ಲಿಸುವುದು. ಇದು ಶಾಲಾಗಮನವಲ್ಲ. ಇದು ಹಳೆಯ ಕಟ್ಟಳೆಯೇ, ಯೂನಿಫಾರ್ಮು ಹಾಕಿಕೊಂಡು ಬಂದಿದೆ ಅಷ್ಟೆ. ತಲೆ ಬಗ್ಗಿಸಿದ ಮಗು ಇದನ್ನು ಕಿಟಕಿಯಿಂದ ನೋಡುತ್ತದೆ, ನೋಡಿ ಇನ್ನೂ ಬಗ್ಗಿಸುತ್ತದೆ. ಅದೇ ಡೋಲಿನವರು ತರಗತಿಯೊಳಗೆ ಮೇಷ್ಟರ ಕುರ್ಚಿಯಲ್ಲಿ ಕೂತು, ಮೇಷ್ಟರು ಪಕ್ಕದಲ್ಲಿ ನಿಂತು, ‘ಈ ಪೆಟ್ಟು ಹೇಗೆ ಹಾಕಿದಿರಿ, ಇನ್ನೊಂದು ಸಲ ತೋರಿಸಿ’ ಎಂದು ಕೇಳಿದರೆ ಆ ಮಗುವಿನ ಬೆರಳು ಬಿಚ್ಚಿಕೊಳ್ಳುವ ಸಾಧ್ಯತೆ ಇದೆ. ಖಾತ್ರಿಯಿಲ್ಲ. ಆದರೆ ಗೇಟಿನಲ್ಲಿ ನಿಲ್ಲಿಸಿದರೆ ಬಿಚ್ಚಿಕೊಳ್ಳುವುದೇ ಇಲ್ಲ ಎಂಬುದಕ್ಕೆ ಪೂರ್ತಿ ಖಾತ್ರಿಯಿದೆ. ಈ ಗ್ರಂಥದ ಉಳಿದೆಲ್ಲ ವಿಂಗಡಣೆಯನ್ನು ಮರೆತರೂ ಈ ಒಂದನ್ನು ಹೆಡ್‌ಮಾಸ್ಟರರು ನೆನಪಿಡಬೇಕು.

ಅವಾದ್ಯ ಪ್ರಕರಣ

ವಾದ್ಯವೇ ಇಲ್ಲದೆ ಬರುವವರೂ ಇದ್ದಾರೆ. ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟಗಳ ಸೋಲಿಗರಿಗೆ ಗೊರುಕನ ಎಂಬ ತಮ್ಮ ಹಾಡು ಹಾಡಲು ಬಾಯಿ, ಕೈ, ಕಾಲು ಇದ್ದರೆ ಸಾಕು. ರೊಟ್ಟಿ ಹಬ್ಬದ ರಾತ್ರಿ ಹೆಂಗಸರು ಗಂಡಸರು ಸುತ್ತುಗಟ್ಟಿ ಹಾಡುತ್ತ ಕುಣಿಯುತ್ತ ಬೆಳಗು ಮಾಡುತ್ತಾರೆ. ಹಾಡಿನಲ್ಲಿ ಹಕ್ಕಿ ಬರುತ್ತದೆ, ಮರ ಬರುತ್ತದೆ, ಹೂ ಬಿಟ್ಟ ಕಾಲ ಬರುತ್ತದೆ. ಶಾಲೆಯಲ್ಲಿ ಇದನ್ನು ‘ಸಾಂಸ್ಕೃತಿಕ ಕಾರ್ಯಕ್ರಮ’ದ ಲೆಕ್ಕಕ್ಕೆ ಹಾಕುತ್ತಾರೆ. ಹಾಕಬೇಕಾದ್ದು ಜೀವಶಾಸ್ತ್ರಕ್ಕೆ.

ಸೋಲಿಗರ ಹಾಡಿಯಾದ ಪೋಡಿನಿಂದ ಬಂದ ಹಿರಿಯರೊಬ್ಬರು ಹಾಡಿನ ನಡುವೆ ಜೇನು ಬಂದಾಗ ನಿಲ್ಲಿಸಿ ಮಕ್ಕಳನ್ನೇ ಕೇಳಿದರು, ಯಾವ ಜೇನು? ಮಕ್ಕಳಿಗೆ ಗೊತ್ತಿದ್ದದ್ದು ಒಂದೇ ಜೇನು, ಬಾಟಲಿಯದು. ಎತ್ತರದ ಮರಕ್ಕೆ, ಬಂಡೆಗೆ ದೊಡ್ಡ ಹಲ್ಲೆ ಕಟ್ಟುವುದು ಹೆಜ್ಜೇನು. ಮರದ ಪೊಟರೆಯಲ್ಲಿ ಸಾಲು ಸಾಲು ಹಲ್ಲೆ ಕಟ್ಟುವುದು ತುಡುವೆ. ಪೊದೆಯ ಕಡ್ಡಿಗೆ ಒಂದೇ ಸಣ್ಣ ಹಲ್ಲೆ ಕಟ್ಟುವುದು ಕಡ್ಡಿಜೇನು. ಕುಟುಕಲಾರದ, ನೊಣಕ್ಕಿಂತಲೂ ಚಿಕ್ಕದಾದದ್ದು ನಸರುಜೇನು. ಎಲ್ಲಿ ಕಟ್ಟುತ್ತದೆ, ಎಷ್ಟು ಹಲ್ಲೆ, ಕುಟುಕುತ್ತದೋ ಇಲ್ಲವೋ ಎಂಬ ಮೂರೇ ಲಕ್ಷಣಗಳಿಂದ ನಾಲ್ಕು ಜಾತಿಗಳನ್ನು ಒಂದರ ಮೇಲೊಂದು ಬೀಳದಂತೆ ಬೇರ್ಪಡಿಸಿದ ಈ ವಿಂಗ‌ಡಣೆಯಲ್ಲಿ ಅತಿವ್ಯಾಪ್ತಿಯಿಲ್ಲ, ಅವ್ಯಾಪ್ತಿಯಿಲ್ಲ, ಅಸಂಭವವಂತೂ ಇಲ್ಲವೇ ಇಲ್ಲ. ಪ್ರಸ್ತುತ ಗ್ರಂಥಕರ್ತನಿಗೆ ಹೊಟ್ಟೆಕಿಚ್ಚಾಯಿತು.

ಅಲ್ಲಿಂದ ಮಾತು ಬೆಂಕಿಗೆ ಹೋಯಿತು. ಬೇಸಗೆಯ ಮೊದಲಿಗೇ ಸೋಲಿಗರು ಒಣ ತರಗೆಲೆಗೆ ಸಣ್ಣ ಬೆಂಕಿ ಇಡುತ್ತಿದ್ದರು, ತರಗು ಬೆಂಕಿ. 1974ರಲ್ಲಿ ಬಿಳಿಗಿರಿರಂಗನ ಬೆಟ್ಟ ಅಭಯಾರಣ್ಯವಾಯಿತು, ಬೆಂಕಿ ನಿಂತಿತು. ಲಂಟಾನದ ಪೊದೆ ಕಾಡನ್ನು ಮುಚ್ಚಿದ್ದು ಆಮೇಲೆ ಎಂಬುದು ಸೋಲಿಗರ ಮಾತು. ಅರಣ್ಯ ಇಲಾಖೆಗೆ ಬೆಂಕಿ ಎಂದರೆ ಶತ್ರು. ಎರಡೂ ವಾದ ಮಕ್ಕಳ ಮುಂದೆ ಬಂದರೆ ಅದಕ್ಕಿಂತ ಒಳ್ಳೆಯ ಪರಿಸರ ಪಾಠ ಯಾವ ಕಿಟ್ಟಿನಲ್ಲೂ ಬರುವುದಿಲ್ಲ. ಬೆಟ್ಟ 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅರಣ್ಯ ಹಕ್ಕು ಕಾಯಿದೆಯಡಿ ಸೋಲಿಗರಿಗೆ ಸಾಮುದಾಯಿಕ ಹಕ್ಕೂ ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶವೊಂದರೊಳಗೆ ಅಂಥ ಹಕ್ಕು ಪಡೆದವರಲ್ಲಿ ದೇಶದಲ್ಲೇ ಇವರು ಮೊದಲಿಗರು. ಸಮಾಜ ವಿಜ್ಞಾನದ ಮೇಷ್ಟರಿಗೂ ಕೆಲಸ ಸಿಕ್ಕಿತು.

ಪೂರ್ವಪಕ್ಷ

‘ಇದರಿಂದ ಎಸ್ಸೆಸ್ಸೆಲ್ಸಿ ಫಲಿತಾಂಶಕ್ಕೆ ಏನು ಉಪಯೋಗ?’ ಎಂಬುದು ಪೂರ್ವಪಕ್ಷ. ಪೀರಿಯಡ್ಡು ನಲವತ್ತು ನಿಮಿಷ, ಪೋರ್ಷನ್ನು ಮುಗಿಯಬೇಕು, ಪೋಷಕರು ಕೇಳುತ್ತಾರೆ. ಇದಕ್ಕೆ ಉತ್ತರವಾಗಿ ಸಂಗೀತ ಕೇಳಿದರೆ ಬುದ್ಧಿ ಚುರುಕಾಗುತ್ತದೆ, ಗಣಿತದಲ್ಲಿ ಅಂಕ ಹೆಚ್ಚುತ್ತದೆ ಎಂದು ವಾದಿಸುವ ಒಂದು ಪಂಥವಿದೆ. ಈ ಗ್ರಂಥ ಆ ಪಂಥಕ್ಕೆ ಸೇರಿದ್ದಲ್ಲ. ಗೌಡರು ಗುಮಟೆ ಬಡಿದದ್ದು ಗಣಿತದ ಅಂಕಕ್ಕಲ್ಲ. ಸೋಲಿಗರ ಅಜ್ಜ ಹೇಳಿದ್ದು ಪೋರ್ಷನ್ನೇ ಆಗಿತ್ತು, ಪುಸ್ತಕದಲ್ಲಿ ಇರಲಿಲ್ಲ ಅಷ್ಟೆ. ಸಿದ್ಧಾಂತ ಮುಗಿಯಿತು.

ದಕ್ಷಿಣೆ ಪ್ರಕರಣ

ದಕ್ಷಿಣೆಯು ಶಾಲು, ಹಾರ, ಹಣ್ಣಿನ ಬುಟ್ಟಿ, ಸ್ಮರಣಿಕೆ, ಪ್ರಮಾಣಪತ್ರ ಮತ್ತು ಹಣ ಎಂದು ಆರು ವಿಧ. ಮೊದಲ ಐದು ಸ್ಥಳದಲ್ಲೇ ಸಿಗುತ್ತವೆ. ಆರನೆಯದಕ್ಕೆ ಆಧಾರ್ ಜೆರಾಕ್ಸು, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ, ರೆವಿನ್ಯೂ ಸ್ಟಾಂಪಿನ ಮೇಲೆ ಸಹಿ ಬೇಕು. ‘ಹಣ ಅಕೌಂಟಿಗೆ ಬರುತ್ತದೆ’ ಎಂಬ ಭವಿಷ್ಯತ್ಕಾಲದ ವಾಕ್ಯ ಸಿಗುತ್ತದೆ. ಶಾಲುಗಳು ಆ ಮನೆಗಳಲ್ಲಿ ಎಷ್ಟು ರಾಶಿಬಿದ್ದಿವೆಯೆಂದರೆ ಒಬ್ಬ ವಾದ್ಯಗಾರರು ಅವನ್ನು ಮಳೆಗಾಲದಲ್ಲಿ ವಾದ್ಯಕ್ಕೇ ಹೊದಿಸುತ್ತಾರೆ. ಒಂದು ದಿನದ ಕೂಲಿ ಬಿಟ್ಟು, ಎರಡು ಬಸ್ಸು ಬದಲಿಸಿ ಬಂದವರಿಗೆ ಹೊರಡುವ ಮುಂಚೆ ಕೈಯಲ್ಲಿ ಹಣ ಇರಬೇಕು. ಯಾವ ಅತಿಥಿ ಉಪನ್ಯಾಸಕರಿಗೆ ಕೊಡುವುದಕ್ಕೂ ಕಡಿಮೆಯಿರಬಾರದು. ಹಾಡಿನ ವಿಡಿಯೋ ಮಾಡುವುದಿದ್ದರೆ ಕೇಳಿ ಮಾಡಬೇಕು, ಎಲ್ಲಿ ಹಾಕುತ್ತೀರೆಂದು ಹೇಳಿ ಹಾಕಬೇಕು. ಇದರಲ್ಲಿ ಪ್ರಭೇದವಿಲ್ಲ.

ಕಾಲ ಪ್ರಕರಣ

ಕೊನೆಯದಾಗಿ, ಯಾವಾಗ ಕರೆಯಬೇಕು? ಜೂನ್‌ನಿಂದ ಸೆಪ್ಟೆಂಬರ್ ಮಳೆ, ಚರ್ಮ ಮಾತು ಕೇಳುವುದಿಲ್ಲ. ನವೆಂಬರ್ ರಾಜ್ಯೋತ್ಸವದ ತಿಂಗಳು, ಎಲ್ಲರೂ ಎಲ್ಲರನ್ನೂ ಕರೆದಿರುತ್ತಾರೆ. ಡಿಸೆಂಬರ್, ಜನವರಿ ಒಳ್ಳೆಯದು. ಒಂದೇ ಸಲ ಕರೆದರೆ ಅದು ಕಾರ್ಯಕ್ರಮವಾಗುತ್ತದೆ. ಎರಡನೆಯ ಸಲ ಕರೆದಾಗಲೇ ಮಕ್ಕಳು ಹೆಸರು ಹಿಡಿದು ಕೂಗುತ್ತಾರೆ, ಮೊದಲ ಸಲ ತಲೆ ಬಗ್ಗಿಸಿದವರು ಪಕ್ಕದಲ್ಲಿ ಬಂದು ನಿಲ್ಲುತ್ತಾರೆ. ಆದ್ದರಿಂದ ವರ್ಷಾರಂಭದ ಟೈಮ್‌ಟೇಬಲ್ಲಿನಲ್ಲೇ ಎರಡು ಪೀರಿಯಡ್ಡು ತೆಗೆದಿಡಿ. ಹೋಳಿ ಹುಣ್ಣಿಮೆಯ ಹತ್ತಿರ ಮಾತ್ರ ಹಾಲಕ್ಕಿಯವರನ್ನು ಶಾಲೆಗೆ ಕರೆಯಬೇಡಿ. ಅವರು ತುರಾಯಿ ಕಟ್ಟಿಕೊಂಡು ಸುಗ್ಗಿ ಕುಣಿತಕ್ಕೆ ಹೊರಟಿರುತ್ತಾರೆ, ಬರುವುದಿಲ್ಲ. ಆ ವಾರ ಮಕ್ಕಳನ್ನು ಕರೆದುಕೊಂಡು ನೀವೇ ಅವರ ಕೊಪ್ಪಕ್ಕೆ ಹೋಗಿ. ಸ್ವಾಗತ ಭಾಷಣ ಮಾಡಬೇಡಿ.